ಲಕ್ವದ ಲಕ್ಷಣ ಕಂಡ ಕೂಡಲೇ ಗಡಿಯಾರ ನೋಡಿ

ಕಾಫಿ ಲೋಟ ಹಿಡಿದ ಕೈ ಇದ್ದಕ್ಕಿದ್ದಂತೆ ಸೋತರೆ, ಬಾಯಿ ಒಂದು ಕಡೆಗೆ ಸೊಟ್ಟಗಾದರೆ ಅಥವಾ ಮಾತು ತೊದಲಿದರೆ, ಅದನ್ನು ಸುಸ್ತೆಂದೋ ಪಿತ್ತವೆಂದೋ ಭಾವಿಸಿ ದಯವಿಟ್ಟು ಮಲಗಿಸಬೇಡಿ. ಅದು ಪಾರ್ಶ್ವವಾಯು ಆಗಿರಬಹುದು. ಸ್ವಲ್ಪ ಹೊತ್ತಿನಲ್ಲಿ ಸರಿಹೋದಂತೆ ಕಂಡರೂ ತಕ್ಷಣ 108ಕ್ಕೆ ಕರೆ ಮಾಡಿ.

ಮಿದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ ಕೊಡಬೇಕಾಗುತ್ತದೆ, ಅದಕ್ಕೂ ಮುನ್ನ ಸಿ.ಟಿ. ಸ್ಕ್ಯಾನ್ ಮಾಡಿ ರಕ್ತಸ್ರಾವವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಮೂಡಿಗೆರೆಯ ಒಳಭಾಗದ ತೋಟಗಳಿಂದ ಚಿಕ್ಕಮಗಳೂರಿಗೋ ಹಾಸನಕ್ಕೋ ತಲುಪುವಷ್ಟರಲ್ಲಿಯೇ, ಅದರಲ್ಲೂ ಮಳೆಗಾಲದಲ್ಲಿ, ಈ ಅಮೂಲ್ಯ ಸಮಯ ಕಳೆದುಹೋಗಬಹುದಾದ್ದರಿಂದ, ಈ ಚಿಕಿತ್ಸೆ ಎಲ್ಲಿ ಲಭ್ಯವಿದೆಯೆಂದು ಇಂದೇ ವಿಚಾರಿಸಿಟ್ಟುಕೊಳ್ಳಿ.

ನೀರು, ಆಹಾರ, ಆಸ್ಪಿರಿನ್ ಯಾವುದನ್ನೂ ಕೊಡಬೇಡಿ. ರೋಗಿಯು ಕೊನೆಯ ಬಾರಿ ಸರಿಯಾಗಿದ್ದ ಸಮಯವನ್ನು ಚೀಟಿಯಲ್ಲಿ ಬರೆದು, ದಿನವೂ ತೆಗೆದುಕೊಳ್ಳುವ ಮಾತ್ರೆಗಳೊಂದಿಗೆ ವೈದ್ಯರಿಗೆ ತೋರಿಸಿ.