ಸಾಗವಾನಿ ಬಿಲ್ಲೆಯಲ್ಲಿ ಬರದ ವರ್ಷ ಹುಡುಕುವುದು ಹೇಗೆ

ಉಂಗುರ ಎಣಿಸಿದರೆ ಮರದ ವಯಸ್ಸು ಸಿಗುತ್ತದೆ ಎಂದು ಹಳಿಯಾಳದ ಹೈಸ್ಕೂಲಿನಲ್ಲಿ ಹನ್ನೆರಡು ವರ್ಷ ಪಾಠ ಮಾಡಿದ್ದೇನೆ. ಒಂದು ಬಿಲ್ಲೆಯನ್ನು ಕೈಯಾರೆ ಉಜ್ಜಿ ಎಣಿಸಲು ಕೂತ ಮೇಲೆ ಗೊತ್ತಾಯಿತು, ಬರೀ ಎಣಿಕೆಯಿಂದ ಏನೂ ಆಗುವುದಿಲ್ಲ. ಯಾವ ವರ್ಷ ಬರ ಬಿದ್ದಿತ್ತು, ಹೊಳೆ ಎಷ್ಟು ಹರಿದಿತ್ತು ಎಂದು ತಿಳಿಯಬೇಕಾದರೆ ಒಂದು ಮರವನ್ನು ಇನ್ನೊಂದರ ಜೊತೆ ತಾಳೆ ನೋಡಲೇಬೇಕು.

ಮೊದಲು ಮರದ ಆಯ್ಕೆ. ಮಾವಿನಲ್ಲಿ ವರ್ಷದ ಗೆರೆ ಸ್ಪಷ್ಟವಾಗಿ ಕಾಣುವುದಿಲ್ಲ, ಬಿಡಿ. ಸಾಗವಾನಿ ಬೇಸಿಗೆಯಲ್ಲಿ ಎಲೆ ಉದುರಿಸಿ ನಿಲ್ಲುತ್ತದೆ, ಮಳೆಯ ಜೊತೆ ಮತ್ತೆ ಬೆಳೆಯತೊಡಗುತ್ತದೆ. ಆ ಆರಂಭದಲ್ಲಿ ದೊಡ್ಡ ರಂಧ್ರಗಳ ಸಾಲೊಂದು, ಅದರ ಜೊತೆಗೆ ತಿಳಿ ಬಣ್ಣದ ಪಟ್ಟಿಯೊಂದು ಮೂಡುತ್ತದೆ. ಅದೇ ವರ್ಷದ ಗಡಿ. ನೀರು ಸಾಲದ ವರ್ಷ ತೊಗಟೆಯ ಕೆಳಗಿನ ಜೀವಕೋಶಗಳು ಒಡೆದು ಎರಡಾಗುವುದು ಕಡಿಮೆಯಾಗುತ್ತದೆ, ಉಂಗುರ ಕಿರಿದಾಗುತ್ತದೆ. ಕೇರಳದ ಸಾಗವಾನಿಗಳಿಂದ ಪುಣೆಯ ವಿಜ್ಞಾನಿಗಳು 1481ರಿಂದ 2003ರವರೆಗಿನ 523 ವರ್ಷಗಳ ಸರಣಿಯನ್ನೇ ಕಟ್ಟಿದ್ದಾರೆ.

ಆದರೆ ಎಲ್ಲ ಸಾಗವಾನಿಯೂ ಬರದ ಸುದ್ದಿ ಹೇಳುವುದಿಲ್ಲ. ಹಳ್ಳದ ಅಂಚಿನಲ್ಲಿ ಬೆಳೆದ ಮರಕ್ಕೆ ಬೇರಿಗೆ ಸದಾ ನೀರು, ಬರ ತಟ್ಟುವುದೇ ಇಲ್ಲ. ತೆಳು ಮಣ್ಣಿನ ಒಣ ಇಳಿಜಾರಿನದ್ದು ಸಿಕ್ಕರೆ ಒಳ್ಳೆಯದು. ನೆಡುತೋಪಿನ ಮರವಾದರೆ ಇನ್ನೊಂದು ತೊಡಕು: ಪಕ್ಕದ ಮರ ಕಡಿದ ಮರುವರ್ಷ ಬಿಸಿಲು ಸಿಕ್ಕಿ ಉಂಗುರ ದಪ್ಪವಾಗುತ್ತದೆ, ಮಳೆಗೂ ಅದಕ್ಕೂ ಸಂಬಂಧವಿಲ್ಲ. ಎಲೆ ತಿನ್ನುವ ಹುಳು ಬಿದ್ದ ವರ್ಷ ಮಳೆ ಚೆನ್ನಾಗಿದ್ದರೂ ಉಂಗುರ ಕಿರಿದಾಗುತ್ತದೆ. ಒಂದೇ ಮರವನ್ನು ನಂಬಬಾರದು ಎನ್ನುವುದು ಇದಕ್ಕೇ. ಇಪ್ಪತ್ತು ಮರ ಇದ್ದರೆ ಧೈರ್ಯವಾಗಿ ಮಾತಾಡಬಹುದು.

ಕಾಡಿನಲ್ಲಿ ನಿಂತ ಮರಕ್ಕೆ ಕೈ ಹಚ್ಚಬೇಡಿ. ಸಂಶೋಧಕರು ಟೊಳ್ಳು ಬೈರಿಗೆ ಹಾಕಿ ಪೆನ್ಸಿಲಿಗಿಂತ ಸಣ್ಣ ಕಡ್ಡಿ ತೆಗೆಯುತ್ತಾರೆ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ನಮಗೆ ಸಾ ಮಿಲ್‌ನ ತುದಿ ತುಂಡು ಸಾಕು. ಬಿಲ್ ಹಾಕಿಸಿಕೊಂಡೇ ತನ್ನಿ. ತರುವಾಗ ಎರಡು ವಿಷಯ ಕೇಳಿ: ಮರ ಯಾವ ತಿಂಗಳು ಕಡಿದದ್ದು, ಎಲ್ಲಿಯದು. ತೊಗಟೆ ಇರುವ ತುಂಡೇ ಆಗಬೇಕು. 2014ರ ಫೆಬ್ರುವರಿಯಲ್ಲಿ ಕಡಿದಿದ್ದರೆ ಕೊನೆಯ ಪೂರ್ತಿ ಉಂಗುರ 2013ರದ್ದು.

ಬಿಲ್ಲೆಯನ್ನು ನೆರಳಿನಲ್ಲಿ ನಿಧಾನವಾಗಿ ಒಣಗಿಸಿ, ಬಿಸಿಲಿಗಿಟ್ಟರೆ ಸೀಳು ಬಿಡುತ್ತದೆ. ನಂತರ ಸ್ಯಾಂಡ್‌ಪೇಪರ್: 80, 120, 220, 400, ಕೊನೆಗೆ 600. ಪ್ರತಿ ಸಲವೂ ಹಿಂದಿನ ಕಾಗದದ ಗೀರು ಪೂರ್ತಿ ಹೋಗುವವರೆಗೆ ಉಜ್ಜಿ. ಮಕ್ಕಳು ಅವಸರ ಮಾಡುವುದು ಇಲ್ಲೇ. ನಯವಾದ ಮೇಲೆ ಬಿಳಿ ಸೀಮೆಸುಣ್ಣದ ಪುಡಿ ತಿಕ್ಕಿ ಒರೆಸಿದರೆ ರಂಧ್ರಗಳಲ್ಲಿ ಸುಣ್ಣ ಕೂತು ಉಂಗುರದ ಸಾಲು ಎದ್ದು ಕಾಣುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಹಿಡಿಯಿರಿ.

ಸೀಳು, ಗಂಟು ಇಲ್ಲದ ಕಡೆ ತಿರುಳಿನಿಂದ ತೊಗಟೆಯವರೆಗೆ ಎರಡು ಗೆರೆ ಎಳೆಯಿರಿ, ಎದುರುಬದುರು ದಿಕ್ಕಿಗೆ. ಹೊರಗಿನಿಂದ ಒಳಗೆ ಎಣಿಸುತ್ತ ಹತ್ತಕ್ಕೊಂದು ಚುಕ್ಕೆ ಇಡಿ, ಐವತ್ತಕ್ಕೆ ಎರಡು, ನೂರಕ್ಕೆ ಮೂರು. ಪೆನ್ಸಿಲ್ಲೇ ಇರಲಿ. ತಪ್ಪು ಸಿಕ್ಕೇ ಸಿಗುತ್ತದೆ, ಅಳಿಸಬೇಕಾಗುತ್ತದೆ.

ಕೊನೆಯ ಉಂಗುರ 2013ರದ್ದಾಗಿದ್ದ ನನ್ನ ಮೊದಲ ಬಿಲ್ಲೆಯಲ್ಲಿ 64 ಉಂಗುರ ಎಣಿಸಿ, ಒಳಗಿನದು 1950ರದ್ದು ಎಂದು ತರಗತಿಯಲ್ಲಿ ಘೋಷಿಸಿಬಿಟ್ಟೆ. ದೇಶಕ್ಕೇ ಮಳೆ ಕೈಕೊಟ್ಟ 1972 ಕಿರಿದಾಗಿರಬೇಕಲ್ಲ? ನನ್ನ ಲೆಕ್ಕದ 1972 ದಪ್ಪಗಿತ್ತು, 1970 ಕೂದಲೆಳೆಯಷ್ಟಿತ್ತು. ಆಗ ಗ್ರಾಫ್ ಹಾಳೆ ತೆಗೆದೆ. ಪ್ರತಿ ವರ್ಷಕ್ಕೂ ಒಂದು ಮನೆ. ಅಕ್ಕಪಕ್ಕದವುಗಳಿಗಿಂತ ಉಂಗುರ ಎಷ್ಟು ಕಿರಿದೋ ಅಷ್ಟು ಉದ್ದದ ನಿಂತ ಗೆರೆ. ಮಾಮೂಲಿ ವರ್ಷಕ್ಕೆ ಮನೆ ಖಾಲಿ. ಅರಿಜೋನಾದಲ್ಲಿ ಈ ಶಾಸ್ತ್ರಕ್ಕೆ ಬುನಾದಿ ಹಾಕಿದ ಖಗೋಳಜ್ಞ ಎ. ಇ. ಡಗ್ಲಸ್ ಅವರ ಕ್ರಮವಿದು. ಎರಡನೇ ಮರಕ್ಕೂ ಇಂಥದೇ ಪಟ್ಟಿ ಮಾಡಿ, ಎರಡನ್ನೂ ಒಂದರ ಮೇಲೊಂದಿಟ್ಟು ಸರಿಸುತ್ತ ಹೋದೆ. ತೊಗಟೆಯ ಕಡೆಯಿಂದ ಹಿಂದಕ್ಕೆ 2002ರವರೆಗೆ ಗೆರೆಗೆ ಗೆರೆ ಕೂಡಿತು. ಅದರಾಚೆ ಮೊದಲು ಒಂದು ಮನೆ ತಪ್ಪಿತು, ಸ್ವಲ್ಪ ಮುಂದೆ ಇನ್ನೊಂದು.

ಮಸೂರ ಹಿಡಿದು ಅದೇ ಜಾಗಕ್ಕೆ ಹೋದೆ. ನಾನು ಗಡಿ ಎಂದುಕೊಂಡಿದ್ದ ಒಂದು ತಿಳಿ ಪಟ್ಟಿಯನ್ನು ಬೆರಳಿಟ್ಟು ಹಿಂಬಾಲಿಸಿದರೆ ಅರ್ಧ ಸುತ್ತಿಗೇ ಮಾಯ. ನಿಜವಾದ ಗಡಿ ಇಡೀ ಬಿಲ್ಲೆ ಸುತ್ತಿ ಬರುತ್ತದೆ, ಸಣ್ಣ ರಂಧ್ರದಿಂದ ದೊಡ್ಡದಕ್ಕೆ ಒಮ್ಮೆಲೇ ಜಿಗಿಯುತ್ತದೆ. ಇದು ಸುಳ್ಳು ಉಂಗುರ. ಮಳೆ ನಡುವೆ ಕೈಕೊಟ್ಟು ಮತ್ತೆ ಹಿಡಿದರೆ ಮರ ಹೀಗೆ ಮೋಸ ಮಾಡುತ್ತದೆ. ಅಂಥವು ಎರಡಿದ್ದವು. ತೆಗೆದ ಮೇಲೆ 1970 ಅಂದುಕೊಂಡಿದ್ದು 1972 ಆಯಿತು. ಮರ ನಾನು ಹೇಳಿದ್ದಕ್ಕಿಂತ ಎರಡು ವರ್ಷ ಚಿಕ್ಕದು. ಮರುದಿನ ಮಕ್ಕಳೆದುರೇ ಬೋರ್ಡಿನ ಮೇಲಿನ ಅಂಕಿ ತಿದ್ದಿದೆ.

ಅಳತೆಗೆ ಬಿಲ್ಲೆಯನ್ನು 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಇಮೇಜ್‌ಜೆ ತಂತ್ರಾಂಶದಲ್ಲಿ ಅಳೆಯಿರಿ. ಒಂದು ಚುಕ್ಕಿ 0.02 ಮಿಲಿಮೀಟರಿನಷ್ಟಾಗುತ್ತದೆ. ಎಳೆ ಮರದ ಉಂಗುರ ಸಹಜವಾಗಿ ದಪ್ಪ, ಮುದಿ ಮರದ್ದು ಸಣ್ಣ. ಈ ವಯಸ್ಸಿನ ಇಳಿಕೆಗೆ ಒಂದು ವಕ್ರರೇಖೆ ಎಳೆದು, ಪ್ರತಿ ಅಳತೆಯನ್ನೂ ಆ ವರ್ಷಕ್ಕೆ ರೇಖೆ ತೋರಿಸುವ ಅಳತೆಯಿಂದ ಭಾಗಿಸಿ. 1ಕ್ಕಿಂತ ಕಡಿಮೆ ಬಂದರೆ ಆ ಮರಕ್ಕೆ ಕಷ್ಟದ ವರ್ಷ. ಎಲ್ಲ ಮರಗಳ ಸರಾಸರಿ ತೆಗೆಯಿರಿ. ಕಂಪ್ಯೂಟರ್ ಬಲ್ಲವರಿಗೆ ‘ಆರ್’ ಎಂಬ ಪ್ರೋಗ್ರಾಮಿಂಗ್ ಭಾಷೆಯ ಡಿಪಿಎಲ್‌ಆರ್ ಪ್ಯಾಕೇಜ್ ಇದನ್ನೆಲ್ಲ ಉಚಿತವಾಗಿ ಮಾಡಿಕೊಡುತ್ತದೆ.

ಇನ್ನು ಹೊಳೆ. ಬೇರು ಕುಡಿಯುವುದೂ ಹೊಳೆಗೆ ಹರಿಯುವುದೂ ಒಂದೇ ಮಳೆಯ ನೀರು, ಹಾಗಾಗಿ ಎರಡೂ ಒಟ್ಟಿಗೇ ಏರಿಳಿಯುತ್ತವೆ. 60 ವರ್ಷದ ಹರಿವಿನ ದಾಖಲೆ ಇದ್ದರೆ 30 ವರ್ಷದಿಂದ ಉಂಗುರಕ್ಕೂ ಹರಿವಿಗೂ ಸಮೀಕರಣ ಕಟ್ಟಿ, ಉಳಿದ 30ರಲ್ಲಿ ಪರೀಕ್ಷಿಸಿ. ಅಲ್ಲಿ ಸೋತರೆ ಹಿಂದಿನ ಶತಮಾನಗಳಿಗೆ ಹೋಗಬೇಡಿ. ದಾಖಲೆ ಎಲ್ಲಿಯದು ಎಂದೂ ನೋಡಿ: ನಮ್ಮ ಕಾಳಿ ನದಿಯಲ್ಲಿ ಸೂಪಾ ಅಣೆಕಟ್ಟಿನ ಕೆಳಗೆ ಅಳೆದರೆ ಸಿಗುವುದು ಗೇಟು ಬಿಟ್ಟ ಲೆಕ್ಕ, ಮಳೆಯದಲ್ಲ. ಪ್ರವಾಹವನ್ನೂ ಮರದಿಂದ ನಿರೀಕ್ಷಿಸಬೇಡಿ. ಸಾಕಷ್ಟು ಕುಡಿದ ಮೇಲೆ ಹೆಚ್ಚಿನ ನೀರಿಗೆ ಉಂಗುರ ದಪ್ಪವಾಗುವುದಿಲ್ಲ.

ಇದೆಲ್ಲ ಯಾಕೆ ಎನ್ನುವವರಿಗೆ ನಾನು ಅಮೆರಿಕದ ಕೊಲೊರಾಡೊ ನದಿಯ ಕತೆ ಹೇಳುತ್ತೇನೆ. 1922ರ ಒಪ್ಪಂದದಲ್ಲಿ ನದಿಯ ಮೇಲಿನ ರಾಜ್ಯಗಳ ಗುಂಪಿಗೂ ಕೆಳಗಿನ ರಾಜ್ಯಗಳ ಗುಂಪಿಗೂ ವರ್ಷಕ್ಕೆ ತಲಾ 75 ಲಕ್ಷ ಎಕರೆ-ಅಡಿ ನೀರು ಹಂಚಿದರು. ಒಟ್ಟು ನಮ್ಮ ಲೆಕ್ಕದಲ್ಲಿ 650 ಟಿಎಂಸಿ ಚಿಲ್ಲರೆ. 1976ರಲ್ಲಿ ಸ್ಟಾಕ್ಟನ್, ಜಾಕೋಬಿ ಎಂಬ ವಿಜ್ಞಾನಿಗಳು ಮರದುಂಗುರದಿಂದ ತೆಗೆದ ದೀರ್ಘಕಾಲದ ಸರಾಸರಿ ಸುಮಾರು 590 ಟಿಎಂಸಿ. ಒಪ್ಪಂದಕ್ಕೆ ಆಧಾರವಾಗಿದ್ದ ವರ್ಷಗಳೇ ಅಪರೂಪಕ್ಕೆ ಮಳೆ ಹೆಚ್ಚಿದ್ದ ವರ್ಷಗಳು. ಇಲ್ಲದ ನೀರನ್ನು ಹಂಚಿಬಿಟ್ಟಿದ್ದರು.

ನನ್ನ ಸರಣಿ 1952ಕ್ಕೆ ನಿಂತಿದೆ. 1876–78ರ ಧಾತು-ಈಶ್ವರ ಬರಕ್ಕೆ ಮುಟ್ಟಬೇಕಾದರೆ ಹಳೆಯ ಕಟ್ಟಿಗೆ ಬೇಕು. ಊರಲ್ಲಿ ಹಳೇ ಮನೆ ಬಿಚ್ಚುವಾಗ ಹೋಗಿ ಕೇಳಿ. ಕಂಬ, ತೊಲೆಯ ತುದಿಯಿಂದ ನಾಲ್ಕು ಬೆರಳು ದಪ್ಪದ ಬಿಲ್ಲೆ ಕೊಯ್ಯಿಸಿ. ಅಂಚಿನ ಬಿಳಿ ಭಾಗ ಕೆತ್ತಿ ತೆಗೆಯದ ತುಂಡಾದರೆ ಒಳ್ಳೆಯದು, ಕಡಿದ ವರ್ಷ ಅದರ ಹತ್ತಿರದಲ್ಲೇ ಇರುತ್ತದೆ. ನಿಮ್ಮ ಈಗಿನ ಸರಣಿಯ ಜೊತೆ ಐವತ್ತು ಉಂಗುರವಾದರೂ ಮೇಲೆ-ಕೆಳಗೆ ಕೂಡುವಂತಿದ್ದರೆ ಮಾತ್ರ ವರ್ಷ ಬರೆಯಿರಿ. ಅಲ್ಲಿಯವರೆಗೆ ಬಿಲ್ಲೆಯ ಹಿಂದೆ ಮನೆಯ ಹೆಸರು, ಯಾವ ಕಂಬ, ಬಿಚ್ಚಿದ ದಿನಾಂಕ ಬರೆದಿಟ್ಟುಕೊಂಡು ಮುಂದಿನ ತುಂಡು ಹುಡುಕಿ.