ಅಣ್ಣ ಕುಡಿತ ಬಿಡುವಾಗ ಮನೆಯವರಾಗಿ ನಾವು ಮಾಡಿದ್ದು

ನಮ್ಮಣ್ಣ ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಾನೆ. ಸುಗ್ಗಿ ಬಂತೆಂದರೆ ರಾತ್ರಿ ಪಾಳಿ, ಪಾಳಿ ಮುಗಿದ ಮೇಲೆ ಲಾರಿಯವರ ಜೊತೆ ಒಂದು ನೈಂಟಿ. ವರ್ಷ ಕಳೆದಂತೆ ಅದು ಬೆಳಿಗ್ಗೆ ಎದ್ದ ಕೂಡಲೇ ಬೇಕಾಯಿತು. ಒಂದು ಗುಟುಕು ಇಳಿಯದಿದ್ದರೆ ಪೆನ್ನು ಹಿಡಿಯಲು ಕೈ ನಿಲ್ಲುತ್ತಿರಲಿಲ್ಲ.

ನಮ್ಮ ಕಡೆ ಇದಕ್ಕೆ ಎಲ್ಲರೂ ಹೇಳುವ ಉಪಾಯ ಮಾಲೆ. ಅಂಜನಾದ್ರಿ ಮಗ್ಗುಲಲ್ಲೇ ಇದೆಯಲ್ಲ, ಹನುಮಮಾಲೆ ಹಾಕಿಸಿದರೆ ಬಿಡ್ತಾನೆ ಅಂತ ಅವ್ವ. ಮೊದಲ ಸಲ ಅಣ್ಣ ವ್ರತ ಮುಗಿಯುವವರೆಗೂ ಮುಟ್ಟಲಿಲ್ಲ. ಬೆಟ್ಟದ 575 ಮೆಟ್ಟಿಲು ಇಳಿದ ಸಂಜೆಯೇ ಮತ್ತೆ ಶುರು. ಮುಂದೊಂದು ವರ್ಷ ಮಾಲೆ ಹಾಕಿದ ಮರುದಿನ ಫಿಟ್ಸ್ ಬಂದು ಬಿದ್ದ. ದೇವರು ಮುನಿದ ಅಂದರು ಓಣಿಯವರು.

ಡಾಕ್ಟರ್ ಹೇಳಿದ್ದು ಬೇರೆ. ದಿನಾ ಜಾಸ್ತಿ ಕುಡಿಯುವವರ ಮಿದುಳು ಅದಕ್ಕೆ ಹೊಂದಿಕೊಂಡಿರುತ್ತದೆ. ಥಟ್ಟನೆ ನಿಲ್ಲಿಸಿದರೆ ಕೆರಳುತ್ತದೆ. ಮೊದಲ ದಿನವೇ ನಡುಕ, ಬೆವರು. 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನದ ಮೇಲೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಕೇಳುತ್ತದೆ, ತಾವು ಎಲ್ಲಿದ್ದೇವೆ ಅನ್ನುವುದೇ ತಿಳಿಯುವುದಿಲ್ಲ. ಇದರಲ್ಲಿ ಜೀವ ಹೋಗುವುದೂ ಉಂಟು. ನಾವು 'ಬಿಡು, ಬಿಡು' ಅಂತ ಬೆನ್ನು ಹತ್ತಿದ್ದು ಇಷ್ಟು ಅಪಾಯದ ಕೆಲಸಕ್ಕೆ!

ಅಲ್ಲಿಂದ ನಮ್ಮ ದಾರಿ ಬದಲಾಯಿತು. ಅಣ್ಣನಿಗೆ ಬುದ್ಧಿ ಹೇಳುವ ವಯಸ್ಸು ನನ್ನದಲ್ಲ, ಹೇಳಿದರೆ ಎದ್ದು ಹೋಗುತ್ತಿದ್ದ. ರಾತ್ರಿ ಮಾತಾಡುವುದನ್ನು ಪೂರ್ತಿ ಬಿಟ್ಟೆವು. ಪೂರಾ ಕುಡಿಯದ ಹೊತ್ತು ಅಂತ ಅವನಲ್ಲಿ ಇರಲೇ ಇಲ್ಲ, ನಿಜ. ಆದರೆ ಬೆಳಿಗ್ಗೆ ನಡುಕ ಇಳಿದು, ತಿಂಡಿ ತಿಂದು ಕೂತಾಗ ಒಂದಷ್ಟು ಹೊತ್ತು ಮೊದಲಿನ ಅಣ್ಣ ಸಿಗುತ್ತಿದ್ದ. ಆಗ 'ಕುಡುಕ' ಅನ್ನಲಿಲ್ಲ. ಹಿಂದಿನ ರಾತ್ರಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಮಗಳು ಎಷ್ಟೊತ್ತಿಗೆ ಮಲಗಿದಳು, ಊಟದ ತಟ್ಟೆ ಎಲ್ಲಿ ಬಿತ್ತು, ಇಷ್ಟೇ. ಕುಡಿತ ಬಿಡು ಅಂತಲೂ ಕೇಳಲಿಲ್ಲ. ನಡುಕಕ್ಕೆ, ನಿದ್ದೆಗೆ ಔಷಧಿ ತರೋಣ ಬಾ ಅಂದೆ. ಅದಕ್ಕೆ ಒಪ್ಪಿದ. ಬಹಳ ಸಲ ಇಲ್ಲ ಅಂದ ಮೇಲೆ ಒಪ್ಪಿದ ಅನ್ನಿ.

ಈ ನಡುವೆ ಅತ್ತಿಗೆ ಗಟ್ಟಿ ನಿಂತರು. ಗಿರಣಿಯಿಂದ ಫೋನ್ ಬಂದರೆ 'ಜ್ವರ' ಅನ್ನುತ್ತಿದ್ದವರು ಫೋನನ್ನು ಅಣ್ಣನ ಕೈಗೇ ಕೊಡತೊಡಗಿದರು. ಅಂಗಡಿಯ ಉದ್ರಿ ನಾನು ತೀರಿಸುವುದು ನಿಂತಿತು. ಊಟ, ಮಕ್ಕಳ ಫೀ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಇದು ಸಿಟ್ಟಿನ ಲೆಕ್ಕ ಅಲ್ಲ, ಕುಡಿತದ ಖರ್ಚು ಕುಡಿಯುವವನ ಲೆಕ್ಕಕ್ಕೇ ಬರಬೇಕು ಅಷ್ಟೆ. ಇನ್ನೊಂದು ಮಾತು ಮೊದಲೇ ಆಗಿತ್ತು: ಕೈ ಎತ್ತಿದರೆ ಅತ್ತಿಗೆ, ಮಕ್ಕಳು ಆ ಕ್ಷಣಕ್ಕೆ ನಮ್ಮ ಮನೆಗೆ. ಅದರಲ್ಲಿ ಚರ್ಚೆ ಇಲ್ಲ.

ತಾಲೂಕು ಆಸ್ಪತ್ರೆಗಳಿಗೆ ಗೊತ್ತಾದ ಮಂಗಳವಾರಗಳಲ್ಲಿ ಮನೋವೈದ್ಯರು ಬರುತ್ತಾರೆ, ಮನೋಚೈತನ್ಯ ಅಂತ ಯೋಜನೆ. ಯಾವ ಮಂಗಳವಾರ ಅಂತ ಮೊದಲೇ ಕೇಳಿಕೊಂಡು ಹೋಗಬೇಕು. ಅಂದ ಹಾಗೆ, ಜಿಲ್ಲೆಯಲ್ಲೇ ಮಾನಸಿಕ ಚಿಕಿತ್ಸೆ ಕೊಡುವ ಪದ್ಧತಿಯನ್ನು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಕಟ್ಟಿ ನೋಡಿದ್ದು ನಮ್ಮ ಪಕ್ಕದ ಬಳ್ಳಾರಿಯಲ್ಲಿ. 1996ರಲ್ಲಿ ಅದೇ ದೇಶದ ಕಾರ್ಯಕ್ರಮವಾಯಿತು. ರಾತ್ರಿ ದಿಕ್ಕು ತೋಚದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದ್ದೂ ಉಂಟು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಅಣ್ಣನನ್ನು ಅಡ್ಮಿಟ್ ಮಾಡಿಕೊಂಡರು. ನಡುಕ, ಫಿಟ್ಸ್ ತಡೆಯುವ ಮಾತ್ರೆ ಕೊಟ್ಟು ದಿನದಿನಕ್ಕೆ ಇಳಿಸುತ್ತಾ ಬಂದರು. ಜೊತೆಗೆ ಬಿ1 ವಿಟಮಿನ್ ಇಂಜೆಕ್ಷನ್. ನಮ್ಮಲ್ಲಿ ಸುಸ್ತು ಅಂದರೆ ಸಾಕು, 'ಒಂದು ಬಾಟ್ಲಿ ಏರಿಸ್ರಿ' ಅಂತೀವಿ. ಬಹಳ ದಿನ ಕುಡಿದು ಊಟ ಬಿಟ್ಟವರಿಗೆ ಬಿ1 ಕೊಡದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟಾಗುವ ಅಪಾಯ ಇದೆಯಂತೆ. ಹಾಗಾಗಿ ಆರ್‌ಎಂಪಿ ಡಾಕ್ಟರ ಹತ್ತಿರ ಹೋಗುವವರೂ ಕುಡಿತದ ವಿಷಯ ಮುಚ್ಚಿಡಬೇಡಿ.

ಊಟದಲ್ಲಿ ಗೊತ್ತಾಗದಂತೆ ಬೆರೆಸುವ ಪುಡಿ ತಂದುಕೊಡ್ತೀನಿ ಅಂತ ನೆಂಟರೊಬ್ಬರು ಗಂಟು ಬಿದ್ದಿದ್ದರು. ಬೇಡ ಅಂದೆವು. ಡೈಸಲ್ಫಿರಾಮ್ ಅಂತ ಒಂದು ಔಷಧಿ ಇದೆ. ಅದು ಹೊಟ್ಟೆಯಲ್ಲಿರುವಾಗ ಕುಡಿದರೆ ವಾಂತಿ, ಎದೆ ಡವಡವ, ಬಿಪಿ ಕುಸಿತ, ಜೀವಕ್ಕೇ ಕುತ್ತು. ಕುಡಿಯುವವನಿಗೆ ತಿಳಿಸದೆ ಅದನ್ನು ಕೊಡಲೇಬಾರದು. ಪುಡಿಯಲ್ಲಿ ಏನಿದೆ ಅಂತ ಯಾರು ನೋಡಿದ್ದಾರೆ? ಅಣ್ಣನಿಗೆ ಲಿವರ್ ಪರೀಕ್ಷೆ ಮಾಡಿಸಿ ನಾಲ್ಟ್ರೆಕ್ಸೋನ್ ಬರೆದರು. ಕುಡಿಯುವ ಆಸೆಯ ಬಿಸಿ ಅದರಿಂದ ತಗ್ಗುತ್ತದೆ. ತಿನ್ನುತ್ತಿರುವುದು ಏನು ಅಂತ ಅವನಿಗೂ ಗೊತ್ತಿತ್ತು.

ಮನೆಗೆ ಬಂದ ಮೇಲೆ ಕಷ್ಟ ಅನಿಸಿದ್ದು ಸಂಜೆ ಏಳರಿಂದ ಒಂಬತ್ತು. ಸುಮ್ನೆ ಕೂತರೆ ಕಾಲು ಅಂಗಡಿ ಕಡೆಗೇ. ನನ್ನ ಮೋಟಾರ್ ರಿವೈಂಡಿಂಗ್ ಅಂಗಡಿಯ ಲೆಕ್ಕ ಆ ಹೊತ್ತಿಗೆ ಅವನಿಗೆ ಒಪ್ಪಿಸಿದೆ. ಉದ್ರಿ ವಸೂಲಿಯಲ್ಲಿ ಅವನು ನನಗಿಂತ ಖಡಕ್! ಗಿರಣಿಯಲ್ಲಿ ಕೇಳಿಕೊಂಡು ಹಗಲು ಪಾಳಿ ಹಾಕಿಸಿಕೊಂಡ. ಸಂಬಳ ಅತ್ತಿಗೆಯ ಖಾತೆಗೆ ಹೋಗಲಿ ಅಂದದ್ದು ಅವನೇ.

ನಂತರ ಒಂದು ಮದುವೆಯಲ್ಲಿ ಮತ್ತೆ ಕುಡಿದ. ಹಾಗಾದರೆ ಏನು ಮಾಡುವುದು ಅಂತ ಡಾಕ್ಟರ ಮುಂದೆಯೇ ಮಾತಾಗಿತ್ತು. ಅಳು, ರಂಪ ಏನೂ ಇಲ್ಲ, ಮರುದಿನ ಆಸ್ಪತ್ರೆಗೆ ಹೋಗಿ ಬಂದೆವು. ಅವ್ವ ಮಾತ್ರ ಎರಡು ದಿನ ಮಾತು ಬಿಟ್ಟಿದ್ದಳು.

ಈಗ ಗಿರಣಿಯ ಹಮಾಲರ ಮನೆಯ ಹೆಂಗಸರು ಅತ್ತಿಗೆಯನ್ನು ಹುಡುಕಿಕೊಂಡು ಬರುತ್ತಾರೆ. ಎಷ್ಟು ಕುಡೀತಾನೆ ಅಂತ ಅತ್ತಿಗೆ ಕೇಳುವುದಿಲ್ಲ. ಬೆಳಿಗ್ಗೆ ಎದ್ದಾಗ ಕೈ ನಡುಗುತ್ತದಾ ಅಂತ ಕೇಳುತ್ತಾರೆ. ಹೌದು ಅಂದರೆ, ಆಣೆ ಮಾಡಿಸೋದು ಆಮೇಲೆ, ಮೊದಲು ಆಸ್ಪತ್ರೆಗೆ ನಡೀರಿ ಅನ್ನುತ್ತಾರೆ.