ಕೇಸ್ ಶೀಟಿನ ಕೆಂಪು ಚುಕ್ಕೆ

ನಾನು 60 ಹಾಸಿಗೆಯ ನರ್ಸಿಂಗ್ ಹೋಮ್ ಒಂದರಲ್ಲಿ ರೆಕಾರ್ಡ್ ರೂಮ್ ನೋಡಿಕೊಳ್ಳುವವನು. 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ ಭದ್ರತೆಯಲ್ಲಿ ಎಡವಿದವರಿಗೆ 250 ಕೋಟಿ ರೂಪಾಯಿಯವರೆಗೂ ದಂಡ ಎಂದು ಓದಿದ ನಮ್ಮ ದೊಡ್ಡ ಡಾಕ್ಟರು, "ಕಂಪ್ಯೂಟರ್‌ಗೆ ಏನೇನು ಹಾಕಿಸಬೇಕೋ ಪಟ್ಟಿ ಮಾಡ್ರಿ" ಎಂದರು. ಪಟ್ಟಿಗೆಂದು ಒಂದು ವಾರ ವಾರ್ಡು, ಲ್ಯಾಬು, ಬಿಲ್ಲಿಂಗ್ ಕೌಂಟರು ಸುತ್ತಿದೆ. ರೋಗಿಗಳ ಮಾಹಿತಿ ಸೋರುತ್ತಿದ್ದ ಜಾಗಗಳೇ ಬೇರೆ.

ಎಚ್‌ಐವಿ ಇರುವವರ ಕೇಸ್ ಶೀಟಿನ ಮೂಲೆಯಲ್ಲಿ ಕೆಂಪು ಚುಕ್ಕೆ ಇಡುವುದು ನಮ್ಮಲ್ಲಿ ಹಳೇ ರೂಢಿ. ಸಿಬ್ಬಂದಿಗೆ ಬಿಟ್ಟರೆ ಯಾರಿಗೂ ತಿಳಿಯದು ಎಂದುಕೊಂಡಿದ್ದೆವು. ಒಂದು ಸಂಜೆ ಅಜ್ಜಿಯೊಬ್ಬರು ನನ್ನ ತೋಳು ಹಿಡಿದು ಪಿಸುಗುಟ್ಟಿದರು: "ನಮ್ಮ ಸೊಸೇನ ಬೇರೆ ಕಡೆ ಹಾಕಪ್ಪ, ಪಕ್ಕದಲ್ಲಿ ಚುಕ್ಕೆಯವರು ಇದಾರೆ."

ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರಿನಿಂದಲೇ ಜಾರಿಯಲ್ಲಿದೆ. ಕೋರ್ಟ್ ಆದೇಶದಂಥ ಕೆಲವು ಸಂದರ್ಭ ಬಿಟ್ಟರೆ, ರೋಗಿಯ ಒಪ್ಪಿಗೆಯಿಲ್ಲದೆ ಆ ವಿಚಾರ ಬಾಯಿಬಿಡುವಂತಿಲ್ಲ. ಮರುದಿನವೇ ಚುಕ್ಕೆ ನಿಲ್ಲಿಸಿದೆ. ಆಪರೇಷನ್ ಥಿಯೇಟರಿನ ಸಿಸ್ಟರ್‌ಗಳು ಸಿಡಿದೆದ್ದರು. "ನಮ್ಮ ಜೀವಕ್ಕೆ ಬೆಲೆ ಇಲ್ವಾ ಸಾರ್?" ಮಾತಿನಲ್ಲಿ ನ್ಯಾಯವಿತ್ತು. ಆದರೆ ಸೋಂಕು ತಗುಲಿದ ಹೊಸದರಲ್ಲಿ ಟೆಸ್ಟ್‌ಗೂ ಅದು ಸಿಗುವುದಿಲ್ಲ. ಚುಕ್ಕೆ ಇಲ್ಲದವರೆಲ್ಲ ಸುರಕ್ಷಿತ ಎಂಬ ಲೆಕ್ಕವೇ ತಪ್ಪು ಎಂದು ಸರ್ಜನ್ ಕೂರಿಸಿಕೊಂಡು ಹೇಳಿದರು. ಎಲ್ಲ ರೋಗಿಗಳಿಗೂ ಒಂದೇ ಬಗೆಯ ಎಚ್ಚರಿಕೆ, ಸಿಬ್ಬಂದಿಗೆ ಸೂಜಿ ಚುಚ್ಚಿದರೆ ತಡಮಾಡದೆ ಸೋಂಕು ತಡೆಯುವ ಔಷಧಿ: ಇವೆರಡನ್ನೂ ಅದೇ ಕಾಯ್ದೆ ಆಸ್ಪತ್ರೆಯ ಹೆಗಲಿಗೆ ಹಾಕಿದೆ. ಗ್ಲೌಸ್ ಖರ್ಚು ಏರಿತು, ದೊಡ್ಡ ಡಾಕ್ಟರ ಹುಬ್ಬೂ ಏರಿತು.

ಆಮೇಲೆ ವಾಟ್ಸಾಪ್. ಲ್ಯಾಬ್ ರಿಪೋರ್ಟುಗಳೆಲ್ಲ ಒಂದೇ ಗ್ರೂಪಿಗೆ ಬೀಳುತ್ತಿದ್ದವು. ಕೆಲಸ ಬಿಟ್ಟುಹೋದ ಇಬ್ಬರು ಫಾರ್ಮಸಿ ಹುಡುಗರೂ ಅದರಲ್ಲಿ ಹಾಯಾಗಿದ್ದರು. ಗ್ರೂಪ್ ಮುಚ್ಚಿ, ರಿಪೋರ್ಟ್ ಆಯಾ ಡಾಕ್ಟರಿಗಷ್ಟೇ ಹೋಗಲಿ, ಹೆಸರು ಬೇಡ, ಐಪಿ ನಂಬರ್ (ಒಳರೋಗಿಗೆ ಕೊಡುವ ಸಂಖ್ಯೆ) ಸಾಕು ಎಂದೆ. ಅಲ್ಲಿ ನಾನೇ ಮುಗ್ಗರಿಸಿದೆ. 1847 ಇರಬೇಕಾದಲ್ಲಿ 1874 ಎಂದು ಟೈಪಾಗಿ, ಒಬ್ಬರ ಪೊಟ್ಯಾಸಿಯಂ ರಿಪೋರ್ಟ್ ಇನ್ನೊಬ್ಬರ ಡಾಕ್ಟರಿಗೆ ಹೋಯಿತು. ಅವರು ವಾರ್ಡಿಗೆ ಫೋನ್ ಮಾಡಿ ಕೇಳಿದ್ದರಿಂದ ಬಚಾವು. ಈಗ ನಂಬರಿನ ಜೊತೆ ಹೆಸರಿನ ಮೊದಲಕ್ಷರ, ವಯಸ್ಸು ಎರಡೂ ಇರಲೇಬೇಕು.

"ನಾನು ಅವರ ಅಳಿಯ, ಏನಂತೆ ಕಾಯಿಲೆ?" ಎಂಬ ಫೋನುಗಳಿಗೆ ಈಗ ಒಂದೇ ಉತ್ತರ. ಅಡ್ಮಿಷನ್ ಹೊತ್ತಿನಲ್ಲೇ ಯಾರಿಗೆ ಹೇಳಬಹುದು ಎಂದು ರೋಗಿಯಿಂದ ಬರೆಸಿಕೊಳ್ಳುತ್ತೇವೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಅಳಿಯನಿಗಿರಲಿ, ದೇವರಿಗೂ ಹೇಳುವುದಿಲ್ಲ. ಆದರೆ ರೋಗಿಯೇ ತನ್ನ ದಾಖಲೆ ಕೇಳಿದರೆ ಸತಾಯಿಸುವಂತಿಲ್ಲ. ವೈದ್ಯಕೀಯ ಮಂಡಳಿಯ 2002ರ ನಿಯಮದ ಪ್ರಕಾರ 72 ಗಂಟೆಯೊಳಗೆ ಕೊಡಬೇಕು. ಹಳೇ ಫೈಲುಗಳನ್ನು ಗುಜರಿಗೆ ತೂಕಕ್ಕೆ ಹಾಕುವುದು ನಿಂತು, ಕತ್ತರಿಸುವ ಮಷೀನು ಬಂದಿದೆ.

ಡೇಟಾ ಕಾಯ್ದೆಯ ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ಮುಖ್ಯ ಹೊಣೆಗಳು ಜಾರಿಯಾಗಲು 18 ತಿಂಗಳ ಗಡುವಿದೆ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ, ಓದಿದರೆ ಅರ್ಥವಾಗುವಂತೆ ತಿದ್ದುತ್ತಾ ಕೂತಿದ್ದೇನೆ.

ಬಗೆಹರಿಯದೆ ಉಳಿದಿರುವುದು ರಾತ್ರಿಯ ಇಸಿಜಿ. ಎರಡು ಗಂಟೆಗೆ ಎದೆನೋವು ಎಂದು ಬಂದವರ ಇಸಿಜಿಯನ್ನು ಡ್ಯೂಟಿ ಡಾಕ್ಟರು ಫೋಟೋ ಹೊಡೆದು ಹೃದ್ರೋಗ ತಜ್ಞರಿಗೆ ಕಳಿಸುತ್ತಾರೆ. ಬೇಡ ಎನ್ನಲು ನಾನ್ಯಾರು? ಹೆಸರಿನ ಮೇಲೆ ಹೆಬ್ಬೆರಳಿಟ್ಟು ಫೋಟೋ ತೆಗೆಯಿರಿ ಎಂದಿದ್ದೇನೆ. ಬೆಳಿಗ್ಗೆ ನೋಡಿದರೆ ಅರ್ಧದಷ್ಟು ಫೋಟೋಗಳಲ್ಲಿ ಹೆಬ್ಬೆರಳಿರುತ್ತದೆ.